ಇನ್ನೂ ಒಡೆಯದ ಸಂಖ್ಯೆ

ಜೂನ್ 9, ಸಂಜೆ

ಬಂದವರಿಗೆಲ್ಲ ವಂದನೆ, ಕುರ್ಚಿ ಸಾಲದೆ ನಿಂತವರಿಗೂ. ಆದರೆ ನಿಮ್ಮ ಸಂತಾಪ ನನಗೆ ಬೇಡ. ಅದರಿಂದ ಸಿದ್ಧವಾಗುವುದು ಏನೂ ಇಲ್ಲ. ಹಾಗೆಂದೇ ಹೇಳಿದೆ, ಕಾಲೇಜಿನ ಚರ್ಚಾಸ್ಪರ್ಧೆಯ ದನಿಯಲ್ಲಿ. ಹೆಂಡತಿ ತಲೆ ತಗ್ಗಿಸಿದಳು. ಅವಳ ತಮ್ಮ ಪಿಸುಗುಟ್ಟಿದ: "ಭಾವ, ಇದು ಡಿಬೇಟಲ್ಲ. ಬೆಲ್ ಹೊಡೆಯೋರಿಲ್ಲ, ಕೂತ್ಕೊಳ್ಳಿ."

ಕೊನೆಗೆ ಉಳಿದವರು ದೊಡ್ಡ ಮಗಳ ಪಿಎಚ್‌ಡಿ ಗೈಡ್. ಅವಳ ಕೋಣೆಯಲ್ಲಿ ಕಂಪ್ಯೂಟರ್ ಇನ್ನೂ ಓಡುತ್ತಿದೆ. ಅವಳು ಕುಸಿದು ಪ್ರಾಣ ಬಿಟ್ಟದ್ದು ಅದರೆದುರೇ. ಗೋಡೆಗೆ ಟೇಪು ಹಾಕಿ ಅಂಟಿಸಿದ ಹಾಳೆ. ಹಾಳೆಯ ತುಂಬ ಒಂದೇ ಸಂಖ್ಯೆ.

"ಅವಿಭಾಜ್ಯ ಅಲ್ಲ ಅಂತ ಸಾಬೀತಾಗಿದೆ ಸರ್. ಒಡೆಯುತ್ತೆ. ಯಾವುದರಿಂದ ಅನ್ನೋದು ಮಾತ್ರ ಯಾರಿಗೂ ಗೊತ್ತಿಲ್ಲ. ಅದನ್ನೇ ಹುಡುಕ್ತಿದ್ಲು. ಕಂಪ್ಯೂಟರ್ ಇನ್ನೂ ಹುಡುಕ್ತಿದೆ, ದಯವಿಟ್ಟು ಆರಿಸ್ಬೇಡಿ."

ಶನಿವಾರ ಕಾಲೇಜಿನಲ್ಲಿ ಅವಳ ಕೆಲಸದ ಬಗ್ಗೆ ಮಾತಾಡುತ್ತಾರಂತೆ.

ಜೂನ್ 11

ಮಾಡಬಾರದಿತ್ತು. ಹಾಳೆಯ ಅಂಕಿಗಳನ್ನೆಲ್ಲ ಕೂಡಿದೆ. ಮೊತ್ತ ಮೂರರಿಂದ ಭಾಗವಾದರೆ ಸಂಖ್ಯೆಯೂ ಭಾಗವಾಗುತ್ತದೆ — ಪ್ರಾಥಮಿಕ ಶಾಲೆಯ ಪಾಠ. ಅವಳಿಗೆ ಕಲಿಸಿದವನೂ ನಾನೇ.

ಭಾಗವಾಯಿತು. ಶೇಷವಿಲ್ಲ.

ಮತ್ತೆ ಕೂಡಿದೆ. ಅದೇ.

ಮಗು ಒಡೆಯಬಹುದಾದ ಸಂಖ್ಯೆಗಾಗಿ ನನ್ನ ಮಗಳು ನಿದ್ದೆಗೆಟ್ಟಳೇ? ಎಲ್ಲರೂ ಒಪ್ಪಿದ ಮಾತನ್ನು ಯಾರೂ ಪರೀಕ್ಷಿಸಿರುವುದಿಲ್ಲ — ಒಮ್ಮೆ ವೇದಿಕೆಯಲ್ಲಿ ನಾನೇ ಗೆದ್ದ ವಾದ. ಶನಿವಾರದ ಸಭೆಯಲ್ಲಿ ಯಾರಾದರೂ ಅಂಕಿಗಳನ್ನು ಕೂಡಿದರೆ? ನಕ್ಕರೆ?

ಜೂನ್ 14

ನಾಳೆ ಸಭೆ. ರದ್ದು ಮಾಡಿಸಲೆಂದು ಫೋನ್ ಎತ್ತಿದೆ. ಇಟ್ಟೆ. ಮತ್ತೆ ಎತ್ತಿದೆ.

ಚಿಕ್ಕ ಮಗಳು ಬಾಗಿಲಲ್ಲಿ. "ಏನಪ್ಪಾ, ಗೋಡೆ ಜೊತೆ ವಾದ ನಡೀತಿದೆ?"

ಹೇಳಿಬಿಟ್ಟೆ. ಅವಳು ಹಾಳೆಯ ಹತ್ತಿರ ಹೋದಳು, ಮೂಲೆಗೆ ಉಗುರು ಹಾಕಿ ಕಂದು ಟೇಪು ಕಿತ್ತಳು. ಅಡಿಯಲ್ಲಿ ನಾನು ಕೂಡದೆ ಬಿಟ್ಟ ಅಂಕಿ: ಏಳು.

"ಎದುರಾಳೀನ ಪೂರ್ತಿ ನೋಡ್ದೆ ವಾದಕ್ಕಿಳಿದ್ರಾ? ಈಗ ಭಾಗಿಸಿ. ಒಂದು ಉಳಿಯುತ್ತೆ."

ನಕ್ಕಳು. ಅಕ್ಕ ಹೋದ ಮೇಲೆ ಮೊದಲ ಸಲ. ನಗುತ್ತಲೇ ಅತ್ತಳು.

ಜುಲೈ 2

ಸಭೆ ಮುಗಿಯಿತು, ಯಾರೂ ನಗಲಿಲ್ಲ. ಆದರೆ ಹೆದರಿಕೆ ಹೋಗಲಿಲ್ಲ, ಮನೆ ಬದಲಿಸಿತು.

ಯಂತ್ರ ಯಾವ ಗಳಿಗೆಯಲ್ಲಾದರೂ ಉತ್ತರ ಕಂಡುಕೊಳ್ಳಬಹುದು. ಆಗ ಫ್ಯಾನಿನ ಸದ್ದು ನಿಲ್ಲುತ್ತದೆ. ದೊಡ್ಡವಳು ಆರಂಭಿಸಿದ್ದು ಈ ಮನೆಯಲ್ಲಿ ಮತ್ತೇನೂ ನಡೆಯುತ್ತಿಲ್ಲ. ಬೆಳಿಗ್ಗೆ ಸದ್ದು ಕ್ಷಣ ಇಳಿಯಿತು — ಮುಖದ ಸೋಪಿನ ನೊರೆಯಲ್ಲೇ ಓಡಿದೆ. ಯಂತ್ರ ಓಡುತ್ತಿತ್ತು.

ಭಾವಮೈದುನನ ವರಾತ: "ಆರಿಸಿಬಿಡಿ ಭಾವ. ಹಗಲೂ ರಾತ್ರಿ ಗುಂಯ್ ಅಂದ್ರೆ ನಮ್ಮಕ್ಕ ನಿದ್ದೆ ಮಾಡೋದ್ ಬೇಡ್ವಾ?"

ಹೆಂಡತಿ ತಿರುಗಿ ನೋಡಲೂ ಇಲ್ಲ. "ನಿಂತ್ರೇನೇ ನಂಗೆ ನಿದ್ದೆ ಬರಲ್ಲ ಕಣೋ."

ಜುಲೈ 3

ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತಿದ್ದೆ. ಈಗಲೇ ಆರಿಸಿದರೆ ಉತ್ತರ ಎಂದಿಗೂ ಬಾರದು. ಅವಳ ಹುಡುಕಾಟ ಎಂದಿಗೂ ಮುಗಿಯದು. ವಾದ ಬಲವಾಗಿದೆ. ಆದರೆ ಅದು ಹೇಡಿಯ ವಾದ.

ಚರ್ಚಾಸ್ಪರ್ಧೆಯಲ್ಲಿನಂತೆ ಸಭೆಯ ಅಭಿಪ್ರಾಯ ಕೇಳಲಾರೆ. ನಾನೊಬ್ಬನೇ ತೀರ್ಮಾನಿಸಿದ್ದೇನೆ: ಆರಿಸುವುದಿಲ್ಲ. ಉತ್ತರ ಬರಲಿ. ಬಂದ ದಿನ ಮೊದಲು ಭಾಗಿಸಿ ನೋಡುವವನು ನಾನು — ಟೇಪಿಲ್ಲದ ಹಾಳೆಯಿಂದ, ಕೈಯಾರೆ, ಕೊನೆಯ ಅಂಕಿಯವರೆಗೆ. ಶೇಷ ಸೊನ್ನೆಯಾದ ಮೇಲೆ ಅವಳ ಕೋಣೆಯ ಬಾಗಿಲನ್ನು — ಫ್ಯಾನಿನ ಸದ್ದು ನಿಂತಿತು.