ಸಮುದ್ರ ಮಟ್ಟದಿಂದ ನಾಲ್ಕೂವರೆ ಅಡಿ

ಮಾವಿನಕುರ್ವೆ, ಹೊನ್ನಾವರ ತಾಲೂಕು
29-8-2025, ಶುಕ್ರವಾರ

ಪ್ರೀತಿಯ ಕಮಲಕ್ಕನಿಗೆ,

ತಮ್ಮ ಭಾಸ್ಕರನ ನಮಸ್ಕಾರ. ಹೇಗಿದ್ದೀ ಅಕ್ಕ? ಕಾಲ್ಬೆರಳ ಸಂದಿಯ ಹುಣ್ಣು ಒಣಗಿತೇ? ಡಾಕ್ಟರು ಕೊಟ್ಟ ಮುಲಾಮನ್ನು ಹಚ್ಚುತ್ತಿದ್ದೀಯೋ, ಇಲ್ಲಾ ಖರ್ಚಾಗಿಬಿಡುತ್ತದೆ ಎಂದು ಟ್ರಂಕಿನಲ್ಲಿ ಇಟ್ಟಿದ್ದೀಯೋ? ನೀನು ಎರಡನೆಯದನ್ನೇ ಮಾಡುವವಳು ಎಂದು ನನಗೆ ಗೊತ್ತು. ನಾವು ಗಂಡಹೆಂಡತಿ ಇಬ್ಬರೂ ಇಲ್ಲಿ ಕ್ಷೇಮ. ರೇಖಾ ಚೌತಿಯ ಚಕ್ಕುಲಿಯನ್ನು ನಿನಗೆಂದು ಡಬ್ಬಿಗೆ ತುಂಬಿ ಅಟ್ಟದ ಮೇಲೆ ಇಟ್ಟಿದ್ದಾಳೆ. ನಾನು ಅತ್ತ ನೋಡಿದರೂ ಬೈಯುತ್ತಾಳೆ.

ವಾರವಾರ ಫೋನು ಮಾಡುವವನು ಕಾಗದ ಯಾಕೆ ಬರೆದ ಎಂದು ನಿನಗೆ ಅನ್ನಿಸಬಹುದು. ಕಳೆದ ಭಾನುವಾರ ನೀನು ಮಾಡಿದಾಗ ಬಲೆಯ ಕೆಲಸ ಇದೆ ಎಂದು ಇಟ್ಟುಬಿಟ್ಟೆನಲ್ಲ, ಅದು ಸುಳ್ಳು. ಹೊಸ್ತಿಲ ಮೇಲೆ ಸುಮ್ಮನೆ ಕುಳಿತಿದ್ದೆ. ನಿನ್ನ ಸ್ವರ ಕೇಳಿದರೆ ನನಗೆ ಈ ವಿಷಯ ಹೇಳಲು ಬಾಯಿ ಬರುವುದಿಲ್ಲ. ಇದನ್ನು ನೀನೊಬ್ಬಳೇ ಓದು, ನಿನ್ನ ಕೋಣೆಯಲ್ಲಿರುವ ಹೆಂಗಸರಿಗೆ ಓದಿ ಹೇಳಬೇಡ.

ಹೊಳೆಯಂಚಿಗೆ ನಾನು ಕಟ್ಟಿಸಿದ ಮೂರು ಮರದ ಕ್ಯಾಬಿನ್‌ಗಳನ್ನು ನೀನು ವಿಡಿಯೋದಲ್ಲಿ ನೋಡಿದ್ದೀಯಲ್ಲ. ಎರಡು ಪ್ರವಾಸಿಗರಿಗೆ, ತೆಂಗಿನಮರದ ಬದಿಯದು ನಿನಗೆ. ಹದಿನೆಂಟು ವರ್ಷ ರತ್ನಾಗಿರಿಯ ಶೆಡ್ಡಿನಲ್ಲಿ ಮಂಜುಗಡ್ಡೆಯ ನೀರಿನಲ್ಲಿ ನಿಂತು ಸಿಗಡಿ ಸುಲಿದವಳು ನೀನು. ಊರಿಗೆ ಬಂದು ಇರು ಎಂದು ನಾನು ಕರೆದಾಗ ನೀನು ಕೇಳಿದ್ದು ಒಂದೇ: "ನಂಗೆ ದೊಡ್ಡ ಮನೆ ಎಂತಕ್ಕೆ? ಕಾಲಿಗೆ ಒಣ ನೆಲ ಸಿಕ್ರೆ ಆತು." ಆ ಮಾತಿಗೆ ನಾನು ಹೂಂ ಅಂದಿದ್ದೆ. ನವರಾತ್ರಿಗೆ ಕೆಲಸ ಬಿಡುತ್ತೇನೆಂದು ನೀನು ಮ್ಯಾನೇಜರಿಗೂ ಹೇಳಿಯಾಗಿದೆ.

ಕ್ಯಾಬಿನ್ ಕಟ್ಟುವ ಮೊದಲು ಮೇಸ್ತ್ರಿ ಹಮ್ಮ ನೀರು ತುಂಬಿದ ಲೆವೆಲ್ ಪೈಪು ಹಿಡಿದು ಅಳತೆ ಮಾಡಿದ. ಉಬ್ಬರದ ನೀರು ಮುಟ್ಟಿದ ಗೆರೆಯಿಂದ ನೆಲದ ಹಲಗೆ ಬರುವ ಎತ್ತರಕ್ಕೆ ನಾಲ್ಕೂವರೆ ಅಡಿ ಬಂತು. ನಾನು ಸುಮ್ಮನಿರಬಹುದಿತ್ತು. ಆದರೆ ಹೊನ್ನಾವರ ರೈಲು ಸ್ಟೇಶನ್ನಿನಲ್ಲಿ ಊರಿನ ಹೆಸರಿನ ಕೆಳಗೆ ಸಮುದ್ರ ಮಟ್ಟದಿಂದ ಇಷ್ಟು ಎತ್ತರ ಎಂದು ಬರೆದಿರುತ್ತಾರಲ್ಲ, ಅದು ನನ್ನ ತಲೆಯಲ್ಲಿ ಕುಳಿತಿತ್ತು. ಹಳದಿ ಹಲಗೆಗೆ ಕಪ್ಪು ಅಕ್ಷರದಲ್ಲಿ 'ಸಮುದ್ರ ಮಟ್ಟದಿಂದ ನಾಲ್ಕೂವರೆ ಅಡಿ' ಎಂದು ಬರೆಸಿ ಮೂರೂ ಬಾಗಿಲ ಮೇಲೆ ಹೊಡೆಸಿದೆ. ಬಂದವರೆಲ್ಲ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡರು. ನಾನು ಮಹಾ ಜಾಣನ ಹಾಗೆ ಪಕ್ಕದಲ್ಲಿ ನಿಂತು ಹಲ್ಲು ಕಿರಿದೆ. ನಿನಗೂ ಒಂದು ಫೋಟೋ ಕಳಿಸಿ, ಉಬ್ಬರದ ನೀರಿನಿಂದಲೇ ಅಳೆದದ್ದು ಅಕ್ಕ, ಹೆದರಬೇಡ ಎಂದು ಬರೆದಿದ್ದೆ.

ಈಗ ಸುದ್ದಿ ಹೇಳುತ್ತೇನೆ. ಕಳೆದ ಶನಿವಾರ ಅಮಾವಾಸ್ಯೆ. ಮೂರು ದಿನದಿಂದ ಘಟ್ಟದ ಮೇಲೆ ಮಳೆ ಹೊಯ್ದು ಹೊಳೆ ಕೆಂಪಾಗಿ ಬರುತ್ತಿತ್ತು. ಮಧ್ಯಾಹ್ನದ ಉಬ್ಬರ ಅದಕ್ಕೆ ಎದುರು ನಿಂತಿತು. ಹೋಗಲು ದಾರಿ ಸಿಗದ ನೀರು ಊಟದ ಹೊತ್ತಿಗೆ ಮೆಟ್ಟಿಲು ಹತ್ತಿ ಮೂರೂ ಕ್ಯಾಬಿನ್ನಿನ ಒಳಗೆ ಬಂತು. ನೆಲದ ಮೇಲೆ ಒಂದು ಗೇಣು. ಹುಬ್ಬಳ್ಳಿಯ ಗಂಡಹೆಂಡತಿ ಒಂದರಲ್ಲಿ ಇದ್ದರು. ಅವರನ್ನು ದೋಣಿಯಲ್ಲಿ ಕೂರಿಸಿ ದಾಟಿಸಿದೆ, ಯಾರಿಗೂ ಏನೂ ಆಗಲಿಲ್ಲ. ಅವರ ಚಪ್ಪಲಿ ಮಾತ್ರ ಅರಬ್ಬಿ ಸಮುದ್ರಕ್ಕೆ ಹೋಯಿತು. ಆ ಪುಣ್ಯಾತ್ಮ ದೋಣಿಯಿಂದಲೇ ವಿಡಿಯೋ ಮಾಡಿಕೊಂಡ. ಮೇಲೆ ಹಳದಿ ಹಲಗೆ, ಅದರ ಕೆಳಗೆ ಬಾಗಿಲಲ್ಲಿ ಒಳಹೊರಗೆ ಆಡುವ ಕೆಂಪು ನೀರು, ದೋಣಿಯ ಹಗ್ಗ ಹಿಡಿದು ಮೆಟ್ಟಿಲ ಮೇಲೆ ಮೊಣಕಾಲು ನೀರಿನಲ್ಲಿ ನಿಂತ ನಾನು.

ಆ ವಿಡಿಯೋ ನನಗಿಂತ ಮೊದಲು ಹೊನ್ನಾವರದ ಮೀನುಪೇಟೆ ತಲುಪಿತ್ತು. ಮರುದಿನ ಹೋದರೆ ಬುಟ್ಟಿ ಇಟ್ಟುಕೊಂಡು ಕುಳಿತ ಹೆಂಗಸರೆಲ್ಲ ಒಂದೇ ಸ್ವರದಲ್ಲಿ, "ಏ ಭಾಸ್ಕರ, ಇವತ್ತು ಎಷ್ಟು ಅಡಿ ಮಾರಾಯ?" ದೋಣಿ ನಡೆಸುವ ದಿನೇಶ ಬೇರೆ, "ಸಮುದ್ರಕ್ಕೆ ದಿನಕ್ಕೊಂದು ಮಟ್ಟ. ನೀ ಯಾವ ದಿನದ ಸಮುದ್ರ ಬರ್ಸಿದ್ದೆ?" ಎಂದು ಕೇಳಿದ. ಅವನು ಕೇಳಿದ್ದು ಸರಿಯೇ. ನಾವು ಅಳೆದದ್ದು ಮಾಘದ ಅಷ್ಟಮಿಯ ದಿನ. ಅಷ್ಟಮಿಯ ಉಬ್ಬರ ಸತ್ತ ಉಬ್ಬರ. ಹುಣ್ಣಿಮೆ, ಅಮಾವಾಸ್ಯೆಗೆ ಏರುವ ನೀರಿನ ಮುಂದೆ ಅದು ಏನೂ ಅಲ್ಲ ಎಂದು ನಮ್ಮಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಬಲೆ ಬೀಸುವವನ ಹೊಟ್ಟೆಯಲ್ಲಿ ಹುಟ್ಟಿ ತಿಥಿ ನೋಡುವುದನ್ನು ಮರೆತೆ. ಹಾಗಾಗಿ ಹೀಗಾಯಿತು. ಪೇಟೆಯವರ ನಗೆಗಿಂತ ನಿನಗೆ ಇದನ್ನು ಬರೆಯುವುದೇ ನನಗೆ ಹೆಚ್ಚು ನಾಚಿಕೆ.

ನೀನು ಮುಂಚೆಯೇ ಕಳಿಸಿದ್ದ ಹಾಸಿಗೆ ನಿನ್ನ ಕ್ಯಾಬಿನ್ನಿನ ಮಂಚದ ಮೇಲೆಯೇ ಇತ್ತು. ನೀರು ಮಂಚ ಮುಟ್ಟಲಿಲ್ಲ, ಆದರೆ ಹಾಸಿಗೆಯ ಇಳಿಬಿದ್ದ ಅಂಚು ನೀರು ಹೀರಿ ಅರ್ಧ ಒದ್ದೆಯಾಯಿತು. ರೇಖಾ ಐದು ದಿನದಿಂದ ಮಳೆ ಬಿಟ್ಟಾಗೆಲ್ಲ ಅದನ್ನು ಅಂಗಳಕ್ಕೆ ಹಾಕುತ್ತಾಳೆ, ಮೋಡ ಕಂಡರೆ ಒಳಗೆ ಎಳೆಯುತ್ತಾಳೆ. ನನ್ನ ಜೊತೆ ಮಾತು ಕಡಿಮೆ ಮಾಡಿದ್ದಾಳೆ. "ಕಮಲಕ್ಕಂಗೆ ನೀವೇ ಹೇಳಿ, ನಾ ಹೇಳೂದಿಲ್ಲ" ಅಂದಿದ್ದಾಳೆ, ಅಷ್ಟೇ.

ಅದಕ್ಕೇ ನಿನ್ನಲ್ಲಿ ಒಂದು ಕೇಳಿಕೆ. ನವರಾತ್ರಿಗೆ ಬರುವುದನ್ನು ಈ ವರ್ಷದ ಮಟ್ಟಿಗೆ ಮುಂದೆ ಹಾಕಲು ಆಗುತ್ತದೆಯೇ? ಮ್ಯಾನೇಜರಿಗೆ ಹೇಳಿ ಈ ಸೀಸನ್ ಮುಗಿಯುವ ತನಕ ಇದ್ದರೆ, ಅಷ್ಟರಲ್ಲಿ ಕ್ಯಾಬಿನ್ನಿನ ಕೆಳಗೆ ಚಿರೇಕಲ್ಲು ಕೊಟ್ಟು ಎರಡು ಅಡಿ ಎತ್ತಿಸುತ್ತೇನೆ. ಇನ್ನೊಂದು ವರ್ಷ ತಣ್ಣೀರಿನಲ್ಲಿ ನಿಲ್ಲು ಎಂದು ಹೇಳಿದಂತಾಯಿತು, ಗೊತ್ತು. ಆದರೆ ಒದ್ದೆ ನೆಲಕ್ಕೆ ನಿನ್ನನ್ನು ಹೇಗೆ ಕರೆಯಲಿ?

ಮುಲಾಮು ಹಚ್ಚಿಕೋ. ರಾತ್ರಿ ಸಾಕ್ಸು ಹಾಕಿ ಮಲಗು. ನಿನ್ನ ಜೊತೆಯ ಹೆಂಗಸರಿಗೆಲ್ಲ ನಮ್ಮ ನೆನಪು ಹೇಳು. ರೇಖಾ ನಿನ್ನ ಕಾಲಿಗೆ ನಮಸ್ಕಾರ ಹೇಳಿದ್ದಾಳೆ. ನನ್ನದನ್ನೂ ಅದರ ಹಿಂದೆಯೇ ಸೇರಿಸಿಕೋ.

ನಿನ್ನ ತಮ್ಮ,
ಭಾಸ್ಕರ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ಅಕ್ಕ, ತಿಥಿ ಮರೆತೆ ಎಂದು ಮೇಲೆ ಬರೆದದ್ದು ಸುಳ್ಳು. ಪೈಪು ಹಿಡಿಯುವ ಮೊದಲೇ ಹಮ್ಮ, "ಇವತ್ತು ಅಷ್ಟಮಿ ಅಲ್ದಾ ಒಡೆಯ? ಅಮಾಸೆ ಬರ್ಲಿ, ಆಗ ಅಳ್ಯುವ" ಅಂದಿದ್ದ. ನಾನು ಬೇಡ ಅಂದೆ. ಗೋಡೆಯ ಕ್ಯಾಲೆಂಡರ್ ನೋಡಿಯೇ ಆ ದಿನ ಅವನನ್ನು ಕರೆಸಿದ್ದು. ಅಮಾವಾಸ್ಯೆಗೆ ಅಳೆದಿದ್ದರೆ ಕೆಳಗಿನ ಜಾಗ ಆಗದೆಂದು ಗೊತ್ತಾಗುತ್ತಿತ್ತು, ನಿನ್ನದನ್ನು ಬಾವಿ ಪಕ್ಕದ ದಿಬ್ಬದ ಮೇಲೆ ಕಟ್ಟಬೇಕಾಗುತ್ತಿತ್ತು. ದಿಬ್ಬವನ್ನು ನಾನು ಗಿರಾಕಿಗಳ ಊಟದ ಚಪ್ಪರಕ್ಕೆ ಇಟ್ಟುಕೊಂಡಿದ್ದೆ. ಹೊರಗಿನವರು ಒಣಗಿ ಕುಳಿತು ಉಣ್ಣಲಿ, ನೀನು ಹೇಗೂ ನೀರಿಗೆ ಹೊಂದಿಕೊಂಡವಳು ಎಂದು ಎಣಿಸಿದ್ದೆ. ಹೌದು, ಹಾಗೆಯೇ ಎಣಿಸಿದ್ದೆ.

ಮುಂದೆ ಹಾಕು ಎಂದು ಬರೆದದ್ದನ್ನು ಹೊಡೆದುಹಾಕಿ ಓದು. ನವರಾತ್ರಿಗೇ ಬಾ. ಚಪ್ಪರ ಇವತ್ತೇ ಕೀಳುತ್ತೇನೆ, ಅಲ್ಲಿ ನಿನ್ನ ಮನೆ ಏಳುವ ತನಕ ನಮ್ಮ ಕೋಣೆ ನಿನ್ನದು, ನಾನೂ ರೇಖಾಳೂ ಕೆಳಗಿನ ಕ್ಯಾಬಿನ್ನಿಗೆ ಹೋಗುತ್ತೇವೆ. ಈ ಮಾತು ಅವಳದೇ, ನಾನು ಒಪ್ಪಿದ್ದು ಈಗ. ಬಂದು ಬೇಕಾದಷ್ಟು ಬೈ. ಮಾತಾಡಲು ಮನಸ್ಸಿಲ್ಲದಿದ್ದರೆ ಬೇಡ, ಉಂಡು ಮಲಗು. ಆದರೆ ಪಾಪ, ತಮ್ಮ ದಡ್ಡ ಎಂದುಕೊಂಡು ಮಾತ್ರ ಕ್ಷಮಿಸಬೇಡ.