ಎರಡು ಗೇಣು ಮೇಲೆ ಎಳೆಸಿದ ಗೆರೆ

ಜಲಪಾತದ ದಾರಿಯ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ಎರಡನೆಯ ಹಳ್ಳದ ದಡದಲ್ಲಿರುವ ಬಂಡೆಯ ಮೇಲಿನ ಹೊಸ ಬಿಳಿ ಗೆರೆ ಸುಳ್ಳು. ಎಳೆದವಳು ನಾನು, ಎಳೆಸಿದವರು ನೀವು. ಅದನ್ನೇ ನಂಬಬೇಕೆಂದು ನೀವು ಹಟ ಹಿಡಿದದ್ದರಿಂದ ಮಾರ್ಗದರ್ಶಿಯಾಗಿದ್ದ ನನ್ನ ಅಣ್ಣ ಬಲಗಾಲು ಕಳೆದುಕೊಂಡ. ಈಗ ನಿಮ್ಮ ವಿಚಾರಣಾ ವರದಿ 'ಮಾರ್ಗದರ್ಶಿಯ ದುಡುಕಿನಿಂದ ಅವಘಡ ಸಂಭವಿಸಿದೆ' ಎನ್ನುತ್ತಿದೆ. ಈ ಒಂದು ವಾಕ್ಯಕ್ಕಾಗಿ ನಾನು ನಿಮ್ಮನ್ನು ಬಿಡುವುದಿಲ್ಲ. ಕೊನೆಯವರೆಗೆ ಓದುವ ತಾಳ್ಮೆ ನಿಮಗೆ ಇಲ್ಲದಿರಬಹುದೆಂದು ಇದನ್ನು ಮೊದಲೇ ಹೇಳಿದ್ದೇನೆ.

ನಾನು ಬೋರ್ಡ್ ಬರೆಯುವವಳು. ಓದಿದ್ದು ನಾಲ್ಕನೇ ತರಗತಿ. ಅಂಗಡಿಗೆ ಬಂದವರು ಏನಾದರೂ ಕೇಳಿದರೆ ಉತ್ತರಕ್ಕೆ ಅಮ್ಮನ ಮುಖ ನೋಡುವಷ್ಟು ಸಂಕೋಚ ನನಗೆ. ನಿಮ್ಮ ಕೋಣೆಯ ಬಾಗಿಲ ಮೇಲಿರುವ ಪದನಾಮವೂ ನನ್ನ ಕೈಯದೇ. "ನನ್ನ ಕಣ್ಣಿನ ಮಟ್ಟಕ್ಕೆ ಬರಲಮ್ಮ" ಎಂದು ನೀವು ಬಾಗಿಲಿಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತಿರಿ. ನಾನು ಪೆನ್ಸಿಲಿನಿಂದ ಗುರುತು ಮಾಡಿಕೊಂಡೆ. ಆ ಅಳತೆ ನನ್ನ ಪುಸ್ತಕದಲ್ಲಿ ಇನ್ನೂ ಇದೆ. ಮುಂದೆ ಬೇಕಾಗುತ್ತದೆ.

ಬಂಡೆಯ ಹಳೆಯ ಗೆರೆ ಅಪ್ಪನದು. ಅಣ್ಣನಿಗೆ ಮಾರ್ಗದರ್ಶಿಯ ಹಿತ್ತಾಳೆ ಬಿಲ್ಲೆ ಸಿಕ್ಕ ವರ್ಷ ಅಪ್ಪ ಅವನನ್ನು ಹಳ್ಳದ ನಡುವೆ ನಿಲ್ಲಿಸಿದರು. ನೀರು ಅವನ ಮೊಳಕಾಲು ಮುಟ್ಟಿದ ದಿನ ಬಂಡೆಯ ಮೇಲೆ ನೀರಿನ ಮಟ್ಟಕ್ಕೆ ಉಳಿಯಿಂದ ಗುರುತು ಕೊರೆದರು. ನೀರು ಇಳಿದು ಕಲ್ಲು ಒಣಗಲು ಮೂರು ವಾರ ಕಾದು, ಆಮೇಲೆ ಬಣ್ಣ ಬಳಿದರು. ಗೆರೆ ಮುಳುಗಿದರೆ ಹಿಂದಿರುಗಬೇಕು, ಅಷ್ಟೇ ಕಾನೂನು. ಅದನ್ನು ಅಣ್ಣ ಎಷ್ಟು ಪಾಲಿಸಿದನೆಂದರೆ ಉಳಿದ ಮಾರ್ಗದರ್ಶಿಗಳು ಅವನಿಗೆ 'ವಾಪಸ್ಸಣ್ಣ' ಎಂದೇ ಹೆಸರಿಟ್ಟರು. "ಅವನ ಜೊತೆ ಹೋದ್ರೆ ಜಲಪಾತದ ಸದ್ದು ಕೇಳಿಸ್ಕೊಂಡು ಬರಬೋದು, ನೋಡೋಕೆ ಮುಂದಿನ ಜನ್ಮಕ್ಕೆ" ಎಂದು ನಗುತ್ತಿದ್ದರು. ಇವನನ್ನು ನೀವು ದುಡುಕಿನವನು ಎಂದಿರಿ. ಆಮೆಯ ಮೇಲೆ ವೇಗದ ಆರೋಪ ಹೊರಿಸಿದ ಕೀರ್ತಿ ನಿಮ್ಮದು.

ಪ್ರವಾಸಿಗರು ಅರ್ಧ ದಾರಿಯಲ್ಲಿ ಹಿಂದಿರುಗುತ್ತಾರೆಂಬ ದೂರುಗಳು ನಿಮಗೆ ಹಿಡಿಸಲಿಲ್ಲ. 'ನೀರು ಗೆರೆ ಮುಟ್ಟದ ಹೊರತು ಪ್ರವಾಸಿಗರನ್ನು ಹಿಂದಿರುಗಿಸತಕ್ಕದ್ದಲ್ಲ' ಎಂಬ ಫಲಕ ಬರೆಸಿದಿರಿ. ಅದನ್ನೂ ನಾನೇ ಬರೆದೆ. ಗೆರೆ ಅಪ್ಪನದು ತಾನೆ, ನಂಬಬಹುದು ಎಂದುಕೊಂಡೆ.

ಆಮೇಲೆ ಈ ಚಳಿಗಾಲದ ಬಿರುಗಾಳಿ ಬಂತು. ಮರುದಿನ ಮೇಲಿನ ಅಧಿಕಾರಿಗಳು ತಪಾಸಣೆಗೆ ಬರುವವರಿದ್ದರು. ಗೆರೆ ಹೊಸದಾಗಿ ಹೊಳೆಯಬೇಕೆಂದು ನಿಮ್ಮ ಮೇಲ್ವಿಚಾರಕರ ಜೊತೆ ನನ್ನನ್ನು ಮೇಲೆ ಕಳುಹಿಸಿದಿರಿ. ನೀವು ಬರಲಿಲ್ಲ, ಚಳಿಯಿತ್ತಲ್ಲ. ಎರಡು ಗಂಟೆಯ ದಾರಿಗೆ ನಾಲ್ಕು ಗಂಟೆ ಹಿಡಿಯಿತು. ಗಾಳಿ ಎದುರಿನಿಂದ ಬೀಸಿದಾಗ ಕೂತುಬಿಡುವುದು, ನಿಂತಾಗ ಎದ್ದು ಹತ್ತುವುದು. ಬಣ್ಣದ ಡಬ್ಬ ಹಿಡಿದ ಬೆರಳುಗಳು ಮರಗಟ್ಟಿದ್ದರಿಂದ ಅದನ್ನು ಮೊಣಕೈಗೆ ನೇತುಹಾಕಿಕೊಂಡೆ. ಜಲಪಾತ ಕಾಣಲೇ ಇಲ್ಲ. ಮಂಜಿನೊಳಗೆ ಅದರ ಗುಡುಗು ಮಾತ್ರ ಕಾಲಡಿಯ ಕಲ್ಲಿನಲ್ಲಿ ತಿಳಿಯುತ್ತಿತ್ತು.

ಅಪ್ಪನ ಗೆರೆ ನೀರಿನಡಿ ಎಲ್ಲೋ ಹೋಗಿತ್ತು. "ಮುಳುಗಿದೆ ಸಾರ್, ಇಳಿದ ಮೇಲೆ ಬರೋಣ" ಎಂದೆ. ಮೇಲ್ವಿಚಾರಕರು ನಿಮಗೆ ಫೋನ್ ಮಾಡಿ, ನನಗೂ ಕೇಳಿಸಲೆಂದು ಸ್ಪೀಕರ್ ಹಾಕಿದರು. ಈ ಮಾತುಗಳು ನಿಮ್ಮವೇ ಅಲ್ಲವೇ?

"ಕಾಣದಿದ್ರೆ ಕಾಣೋ ಕಡೆ ಎಳೀರಿ. ನೀರಿನ ಮೇಲೆ ಒಣ ಕಲ್ಲು ಇಲ್ವಾ?"

"ಮುಂದಕ್ಕೆ ಚಾಚಿದ ಬಂಡೆ ಕೆಳಗೆ ಒಂದಿಷ್ಟಿದೆ ಸಾರ್. ಆದ್ರೆ ಎರಡು ಗೇಣು ಮೇಲಾಗುತ್ತೆ" ಎಂದರು ಮೇಲ್ವಿಚಾರಕರು.

"ಆಗಲಿ ಬಿಡ್ರೀ. ಕಲ್ಲಿಗೇನು ಗೊತ್ತಾಗುತ್ತಾ?"

ಮೇಲ್ವಿಚಾರಕರು ಕೊಡೆ ಬಿಚ್ಚಿ ಹಿಡಿದರು. ನನಗಲ್ಲ, ಕಲ್ಲಿಗೆ. ನಾನು ಒಂದು ಮಾತು ಹೇಳಬೇಕಿತ್ತು. "ಆಗಲಿ ಸಾರ್" ಎಂದೆ. ಆ ಕ್ಷಣದಲ್ಲಿ ನನ್ನಲ್ಲಿದ್ದ ಧೈರ್ಯ ಅಷ್ಟೇ. ಮರುದಿನ ಬಂದ ಮೇಲಿನವರು ಮಳೆಯೆಂದು ನಿಮ್ಮ ಕೋಣೆಯಲ್ಲೇ ಕುಳಿತು, ಗೆರೆಯ ಫೋಟೋ ನೋಡಿ, ಬಹಳ ನೇರವಾಗಿದೆ ಎಂದು ಹೊಗಳಿ ಹೋದರಂತೆ.

ಗೆರೆ ಎಳೆದ ದಿನವೇ ಅಣ್ಣನಿಗೆ ಹೇಳಿದ್ದೆ. ಬೈಯಲಿಲ್ಲ. "ಬರೆದು ಕೊಡೋಣ, ತಿದ್ದುತ್ತಾರೆ" ಎಂದ. ಅವನು ಹೇಳಿದಂತೆ ನಾನೇ ಅರ್ಜಿ ಬರೆದೆ. ಅದರ ನಕಲಿನ ಮೇಲೆ ನಿಮ್ಮ ಕಚೇರಿಯ ಸ್ವೀಕೃತಿ ಮುದ್ರೆ ಇದೆ. ಅದಾದ ಒಂಬತ್ತನೇ ದಿನ ಅವಘಡ. ಒಂಬತ್ತು ದಿನ ಆ ಕಾಗದ ನಿಮ್ಮ ಮೇಜಿನ ಮೇಲೆ ಏನು ಮಾಡುತ್ತಿತ್ತು?

ಅಂದು ಅಣ್ಣನ ಜೊತೆ ನಾಲ್ವರು ಪ್ರವಾಸಿಗರಿದ್ದರು. ಹಳ್ಳದ ಬಳಿ ಅವನು ವಾಡಿಕೆಯಂತೆ "ವಾಪಸ್ ಹೋಗೋಣ" ಎಂದ. ಅವರಲ್ಲಿ ಎತ್ತರದವರೊಬ್ಬರು, "ನೀರು ಗೆರೆಗಿಂತ ಕೆಳಗಿದೆಯಲ್ರೀ, ನಿಮ್ಮ ಫಲಕ ನೀವೇ ಓದಿಲ್ವಾ?" ಎಂದರು. ಅಣ್ಣ ನಿಮಗೆ ಫೋನ್ ಮಾಡಿದ.

"ಹಳೇ ಗೆರೆ ಮುಳುಗಿದೆ ಸಾರ್."

"ಹಳೇದನ್ನ ಯಾರು ಕೇಳಿದ್ರು? ಹೊಸದು ಮುಟ್ಟಿದೆಯಾ?"

"ಇಲ್ಲ."

"ಮತ್ತೇನು? ವಾಪಸ್ ಬರೋದಾದ್ರೆ ಬಿಲ್ಲೆ ನನ್ನ ಮೇಜಿನ ಮೇಲಿಟ್ಟು ಮನೆಗೆ ಹೋಗು."

ಅವನು ನಾಲ್ವರನ್ನೂ ಬಂಡೆಯ ಹಿಂದೆ ನಿಲ್ಲಿಸಿ, ಹಗ್ಗದ ಒಂದು ತುದಿ ಮರಕ್ಕೂ ಇನ್ನೊಂದನ್ನು ಸೊಂಟಕ್ಕೂ ಕಟ್ಟಿ, ಮೊದಲು ತಾನೊಬ್ಬನೇ ಇಳಿದ. ನಡುನೀರಿನಲ್ಲಿ ಕಲ್ಲೊಂದು ಉರುಳಿ ಬಂದು ಅವನ ಕಾಲನ್ನು ಇನ್ನೊಂದು ಕಲ್ಲಿಗೆ ಒತ್ತಿ ಹಿಡಿಯಿತು. ನಾಲ್ವರೂ ಸೇರಿ ಹಗ್ಗ ಎಳೆದು ಅವನನ್ನು ಬಿಡಿಸಿದರು. ಆ ಎತ್ತರದವರೇ ಬೆನ್ನ ಮೇಲೆ ಹೊತ್ತು ಕೆಳಗಿಳಿಸಿದರು. ಫೋನಿನಲ್ಲಿ ನೀವು ಹೇಳಿದ್ದನ್ನು ಅವರು ಪಕ್ಕದಲ್ಲೇ ನಿಂತು ಕೇಳಿದ್ದರು. ಹಾಗೆಂದು ಲಿಖಿತ ಹೇಳಿಕೆಯನ್ನೂ ಕೊಟ್ಟರು. ನಿಮ್ಮ ವರದಿಯಲ್ಲಿ ಅದು ಇಲ್ಲ. ನನ್ನಲ್ಲಿ ಅದರ ನಕಲಿದೆ.

ವೈದ್ಯರು ಕಾಲು ಕತ್ತರಿಸಿದ್ದು ಮೊಳಕಾಲಿನ ಕೆಳಗೆ. ಅಪ್ಪ ಗೆರೆ ಎಳೆಯಲು ಅಳತೆ ಹಿಡಿದದ್ದೂ ಆ ಮೊಳಕಾಲನ್ನೇ. ಇದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ನಿಮಗೆ ಹೇಳುತ್ತಿದ್ದೇನೆ, ಇಟ್ಟುಕೊಳ್ಳಿ.

ವರದಿ ಓದಿ ಹೇಳಿದಾಗ ಅಣ್ಣ ನಕ್ಕ. "ನನ್ನನ್ನ ಒಬ್ಬರು ದುಡುಕಿನವನು ಅಂದದ್ದು ಇದೇ ಮೊದಲು ಕಣೇ" ಎಂದ. ಅಂದಿನಿಂದ ಅವನು ಬೀದಿಗೆ ಇಳಿದಿಲ್ಲ. ಕಾಲು ಹೋದ ಮೇಲೂ ಊರುಗೋಲು ಹಿಡಿದು ಅಂಗಡಿಗೆ ಬರುತ್ತಿದ್ದವನು, ನಿಮ್ಮ ವಾಕ್ಯ ಬಂದ ಮೇಲೆ ಬರುತ್ತಿಲ್ಲ. ನಾಲ್ಕು ಜನರ ಜೀವ ಕಾಯ್ದವನು, ನಾಲ್ವರನ್ನು ಅಪಾಯಕ್ಕೆ ದೂಡಿದವನೆಂಬ ಹೆಸರು ಹೊತ್ತು ಗೋಡೆ ನೋಡುತ್ತಾ ಕೂತಿದ್ದಾನೆ. ಬಿಲ್ಲೆ ನಿಮ್ಮ ಕಪಾಟಿನಲ್ಲಿದೆ.

ಹೋದ ವಾರ ನಿಮ್ಮ ಮೇಲ್ವಿಚಾರಕರು ನಮ್ಮ ಅಂಗಡಿಗೆ ಬಂದರು. ವರದಿಯ ಮರುಪರಿಶೀಲನೆಗೆ ಮೇಲಿನವರು ಬರುತ್ತಾರಂತೆ, ಈ ಸಲ ನಿಜವಾಗಿಯೂ ಹಳ್ಳದವರೆಗೆ. "ಹೊಸ ಗೆರೆ ಸದ್ದಿಲ್ಲದೆ ಕೆರೆದು ಬಂದುಬಿಡಮ್ಮ" ಎಂದರು. ಆಗ, ಜನ್ಮದಲ್ಲಿ ಮೊದಲ ಸಲ, ಅಮ್ಮನ ಮುಖ ನೋಡದೆ ಉತ್ತರ ಕೊಟ್ಟೆ.

"ಬರೆದು ಕೊಡಿ ಸಾರ್."

"ಇಷ್ಟಕ್ಕೆಲ್ಲ ಬರಹ ಯಾಕಮ್ಮ?"

ಅಮ್ಮ ಒಳಗಿನಿಂದಲೇ ಹೇಳಿದರು: "ಬರೆದು ಹೊಟ್ಟೆ ಹೊರೆಯೋ ಹುಡುಗಿ ಅವಳು. ಬಾಯಿಮಾತು ನಂಬಿ ಒಂದ್ಸಲ ಕೆಟ್ಟಿದ್ದಾಳೆ, ಸಾಕು."

ಮರುದಿನ ನಾನು ಯಾರೂ ಹೇಳದೆ ಮತ್ತೆ ಹತ್ತಿದೆ, ಅಂಥದೇ ಗಾಳಿಯಲ್ಲಿ, ಅಣ್ಣನ ಜೊತೆಗಾರ ಮಾರ್ಗದರ್ಶಿಯೊಬ್ಬರ ಹಗ್ಗ ಹಿಡಿದು. ಹೊಸ ಗೆರೆಯನ್ನು ಅಳಿಸಲಿಲ್ಲ. ಅದರ ಮೇಲೆ ಕೆಂಪಿನಲ್ಲಿ ಅಡ್ಡ ಹೊಡೆದು, ಪಕ್ಕದಲ್ಲಿ ಬರೆದೆ: 'ಇದು ಕಚೇರಿಯ ಅಪ್ಪಣೆಯಿಂದ ಎಳೆದ ಸುಳ್ಳು ಗೆರೆ. ನಂಬಬೇಡಿ.' ಎಳೆದ ತಾರೀಖನ್ನೂ ನಿಮ್ಮ ಪದನಾಮವನ್ನೂ ಹಾಕಿದ್ದೇನೆ. ಪದನಾಮದ ಅಕ್ಷರಗಳು ನಿಮ್ಮ ಬಾಗಿಲ ಮೇಲಿರುವಂಥವೇ, ಗುರುತು ಹಿಡಿಯಲು ಕಷ್ಟವಾಗದು. ಕಲ್ಲು ಒಣಗುವವರೆಗೆ ಕಾದು, ಎರಡು ಸಲ ಬಳಿದು, ಮೇಲೆ ವಾರ್ನಿಷ್ ಹೊಡೆದಿದ್ದೇನೆ. ಬೇರೆ ಪೇಂಟರನ್ನು ಕರೆಸುವಿರಾದರೆ ಕರೆಸಿ. ಈ ಹವೆಯಲ್ಲಿ ಅವನಿಗೆ ದಾರಿ ತೋರಿಸಬೇಕಾದವರು ಮಾರ್ಗದರ್ಶಿಗಳು. ಅವರು ಏಳೂ ಜನ ನಿಮ್ಮ ಕೆಲಸಕ್ಕೆ 'ವಾಪಸ್' ಎಂದಿದ್ದಾರೆ.

ನನ್ನ ಬೇಡಿಕೆ ಇಷ್ಟೇ. ವರದಿಯಿಂದ ಆ ವಾಕ್ಯ ತೆಗೆಯಿರಿ. ಬಿಲ್ಲೆಯನ್ನು ನೀವೇ ತಂದು, ನಮ್ಮ ಅಂಗಡಿಯ ಮುಂದೆ, ಬೀದಿಯ ಜನ ನೋಡುವಂತೆ ಅಣ್ಣನ ಕೈಗೆ ಕೊಡಿ. 'ಗೆರೆಯನ್ನು ನನ್ನ ಅಪ್ಪಣೆಯಂತೆ ತಪ್ಪಾಗಿ ಎಳೆಯಲಾಗಿತ್ತು, ಅದನ್ನು ಅಳಿಸತಕ್ಕದ್ದು' ಎಂದು ಬರೆದು ಸಹಿ ಹಾಕಿ. ಆ ಕಾಗದ ಕೈಗೆ ಬಂದ ದಿನ, ಎಂಥ ಬಿರುಗಾಳಿಯಿದ್ದರೂ, ನಾನೇ ಹತ್ತಿ ಹೋಗಿ ಅಳಿಸುತ್ತೇನೆ.

ಸಹಿ ಹಾಕಲು ಮನಸ್ಸಿಲ್ಲದಿದ್ದರೆ ಗೆರೆ ಸರಿಯೆಂದು ತೋರಿಸಿಕೊಡಿ. ಮೇಲಿನವರ ಎದುರು ಹಳ್ಳಕ್ಕೆ ಇಳಿದು ದಾಟಿ. ನಿಮ್ಮ ಬಾಗಿಲ ಅಳತೆ ತೆಗೆದು ಲೆಕ್ಕ ಹಾಕಿದ್ದೇನೆ. ಅಣ್ಣನಿಗೆ ತೊಡೆಯವರೆಗೆ ಬಂದ ನೀರು ನಿಮಗೆ ಸೊಂಟದವರೆಗೆ ಬರುತ್ತದೆ. ಹಗ್ಗ ಹಿಡಿಯಲು ನಾನು ಬರುತ್ತೇನೆ. ಎಳೆಯುತ್ತೇನೋ ಇಲ್ಲವೋ ಎಂಬುದನ್ನು ಮಾತ್ರ ಬರೆದು ಕೊಡಲಾರೆ.

ಇಂತಿ,
ಇಷ್ಟು ದಿನ ತಮ್ಮ ವಿಧೇಯಳಾಗಿದ್ದು,
ತಪ್ಪು ಗೆರೆಯನ್ನು ಬಹಳ ನೇರವಾಗಿ ಎಳೆದ
ವಾಪಸ್ಸಣ್ಣನ ತಂಗಿ