ಆ ಸೂಜಿ ತರಬೇಡಿ

ಬಸವಕಲ್ಯಾಣ, ದವಾಖಾನೆಯಿಂದ
೧೨ ಫೆಬ್ರವರಿ ೧೯೯೮, ಮಧ್ಯಾಹ್ನ

ಅನುರಾಧಾಳ ಅಪ್ಪನಿಗೆ ಉಮಾದೇವಿ ಮಾಡುವ ಶರಣಾರ್ಥಿ.

ನಿಮ್ಮ ಮೈಯಲ್ಲಿ ಹುಷಾರಿದೆಯೇ? ನಿಲಂಗಾ ಕಡೆ ಥಂಡಿ ಇನ್ನೂ ಇಳಿದಿಲ್ಲವಂತೆ. ಕಂಬಳಿಯನ್ನು ಎಳೆಮರಿಗೆ ಹೊದಿಸಿ ತಾವು ಕೆಮ್ಮುತ್ತ ಕೂಡುವವರು ನೀವು, ನನಗೆ ಗೊತ್ತಿಲ್ಲವೇ! ಹಾಗೆ ಮಾಡಬೇಡಿ. ಇತ್ತ ಊರಿನಲ್ಲಿ ಅತ್ತೆ ಆರಾಮ ಇದ್ದಾರೆ, ನನ್ನ ಮೇಲಿನ ಸಿಟ್ಟೊಂದನ್ನು ಬಿಟ್ಟರೆ.

ಮಗಳ ವಿಷಯ ಕೇಳಿ. ನೀವು ಕುರಿ ಹೊಡೆದುಕೊಂಡು ಹೋಗುವಾಗ ಅವಳ ಬಲಪಕ್ಕೆಯ ಕೆಳಗೆ ಬರೀ ಕೈಗೆ ಹತ್ತುತ್ತಿದ್ದ ಗಂಟು ಈಗ ಅಂಗಿಯ ಮೇಲಿಂದಲೇ ಕಾಣುತ್ತದೆ. ಹುಮನಾಬಾದಿನಲ್ಲಿ ಸ್ಕ್ಯಾನಿಂಗ್ ಮಾಡಿಸಿ ಇಲ್ಲಿಗೆ ಕರೆತಂದೆ. ಲಿವರಿನಲ್ಲಿ, ಅಂದರೆ ನಮ್ಮ ಕಲೇಜಿಯಲ್ಲಿ, ನೀರುಗುಳ್ಳೆ ಇದೆ, ಅದು ಹುಳುವಿನ ಗುಳ್ಳೆ ಎಂದರು ಡಾಕ್ಟರಮ್ಮ. ಕುರಿ ಕೊಯ್ದಾಗ ಪುಪ್ಪುಸದಲ್ಲಿ, ಕಲೇಜಿಯಲ್ಲಿ ಬಿಳಿ ಗುಳ್ಳೆ ಕಂಡರೆ "ಇದು ನಮಗ ಬ್ಯಾಡ, ನಾಯಿಗಿ ಹಾಕ್ರಿ" ಅನ್ನುತ್ತೀರಲ್ಲ, ಅದೇ. ನಾಯಿಯ ಕರುಳಿನಲ್ಲಿ ಅದರಿಂದ ಕಣ್ಣಿಗೂ ಸರಿಯಾಗಿ ಕಾಣದ ಹುಳು ಬೆಳೆದು, ಅದರ ಮೊಟ್ಟೆ ಹೇಲಿನಲ್ಲಿ ಬಂದು ಕೂದಲಿಗೆ ಅಂಟುತ್ತದಂತೆ. ನಮ್ಮ ಮಗಳು ನಾಯಿ ಮೋತಿಯ ಕೊರಳು ತಬ್ಬಿಕೊಂಡು, ಅದೇ ಕೈಯಿಂದ ರೊಟ್ಟಿ ಮುರಿದು ತಿನ್ನುವವಳು. ಆ ಗುಳ್ಳೆ ತಿಂದದ್ದು ನಾಯಿ, ತಿನ್ನಿಸಿದವರು ನಾವು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಪಂಡರಿ ಭಾವನವರ ಕೈಯಲ್ಲಿ ನೀವು ಹೇಳಿ ಕಳಿಸಿದ್ದು ಮುಟ್ಟಿತು. "ನಾ ಬರೂತನಾ ಯಾರೂ ಕೈ ಹಚ್ಚಬ್ಯಾಡ್ರಿ. ನೀರಿನ ಗುಳ್ಳಿ ತಾನ ಅದ? ಸೂಜಿ ಕಾಸಿ ತಗೀತೀನಿ." ತಲೆ ತಿರುಗಿ ಒಂದೇ ಕಡೆ ಸುತ್ತುವ ಕುರಿಯ ಬುರುಡೆ ಬಿಡಿಸಿ, ಒಳಗಿನ ಗುಳ್ಳೆ ಎಳೆದು ಬದುಕಿಸಿದವರು ನೀವು. ಸುತ್ತಲಿನ ಊರವರು ನಿಮ್ಮನ್ನೇ ಹುಡುಕಿ ಬರುತ್ತಾರೆ. ಆ ಹೆಮ್ಮೆ ನನಗೂ ಇದೆ. ಆದರೆ ಚುಚ್ಚುವುದು ಎಂದ ಕೂಡಲೇ ಡಾಕ್ಟರಮ್ಮ ಕುರ್ಚಿ ಬಿಟ್ಟೆದ್ದರು. ಈ ಗುಳ್ಳೆಯ ನೀರು ಹೊಟ್ಟೆಯೊಳಗೆ ಚೆಲ್ಲಿದರೆ ಮೈ ಬಾತು ಉಸಿರು ಕಟ್ಟಿ ಅಲ್ಲೇ ಜೀವ ಹೋಗಬಹುದಂತೆ. ಉಳಿದರೂ ಆ ನೀರಿನಿಂದ ಹೊಟ್ಟೆ ತುಂಬ ಹೊಸ ಗುಳ್ಳೆ. ಹೊಟ್ಟೆ ಕೊಯ್ದು, ಸುತ್ತ ಔಷಧದ ಬಟ್ಟೆ ಒತ್ತಿಟ್ಟು, ಒಂದು ಹನಿಯೂ ಚೆಲ್ಲದ ಹಾಗೆ ತೆಗೆಯಬೇಕು. ಬೀದರಿನ ಸರ್ಜನ್ ಶನಿವಾರ ಬರುತ್ತಾರೆ.

ಅತ್ತೆ "ಹೆಣ್ಣು ಕೂಸಿನ ಹೊಟ್ಟಿ ಕೊಯ್ಸ್ತೀ ಏನು, ನಾಳಿ ಯಾರ ಲಗ್ನ ಆಗ್ತಾರ?" ಅನ್ನುತ್ತಾರೆ. ಮೊದಲು ಮಗಳು ಇರಲಿ, ಲಗ್ನದ ಮಾತು ಆಮೇಲೆ. ನನಗೆ ಬಹಳ ಹೆದರಿಕೆಯಾಗುತ್ತಿದೆ. ನೀವು ಬನ್ನಿ, ಸೂಜಿ ಅಲ್ಲೇ ಬಿಟ್ಟು ಬನ್ನಿ. ಮೋತಿಯ ಮೇಲೆ ಕೈ ಮಾಡಬೇಡಿ, ತಪ್ಪು ಅದರದಲ್ಲ. ಅದಕ್ಕೊಂದು ಗುಳಿಗೆ ಕಳಿಸಿದ್ದೇನೆ, ರೊಟ್ಟಿಯಲ್ಲಿಟ್ಟು ಹಾಕಿ. ಇನ್ನು ಮೇಲೆ ಗುಳ್ಳೆಯ ಮಾಂಸ ಸುಟ್ಟು ಹೂಳಿ.

ಮೈಲಾರ ಮಲ್ಲಣ್ಣ ನಿಮ್ಮನ್ನೂ ಕುರಿಗಳನ್ನೂ ಕಾಯಲಿ.

ನಿಮ್ಮ,
ಉಮಾದೇವಿ

ತಾ.ಕ.: ಕಾಗದ ಮಡಚುವಷ್ಟರಲ್ಲಿ ಡಾಕ್ಟರಮ್ಮ ಬಂದರು. ಗುಳ್ಳೆ ಬಿಗಿದಿದೆ, ತಾನೇ ಒಡೆದೀತು, ಶನಿವಾರದ ತನಕ ಕಾಯುವಂತಿಲ್ಲ ಎಂದರು. ಬೀದರಿನ ಸರ್ಜನ್‌ರನ್ನು ಬೇಗ ಕರೆಸುತ್ತಾರೆ, ನಾಳೆ ಬೆಳಿಗ್ಗೆಯೇ ಆಪರೇಷನ್. ಭಾವನವರು ಮಗಳನ್ನು ಊರಿಗೆ ಒಯ್ಯಲು ಜೀಪು ತಂದು ಹೊರಗೆ ಕೂತಿದ್ದಾರೆ. ನಾನು ಬಾಗಿಲಲ್ಲೇ ಕೂತು ಬರೆಯುತ್ತಿದ್ದೇನೆ, ಏಳುವುದಿಲ್ಲ. ನಮ್ಮೂರ ಹುಡುಗ ಧನರಾಜ ಇದನ್ನು ಮೋಟಾರು ಸೈಕಲ್ ಮೇಲೆ ತರುತ್ತಿದ್ದಾನೆ. ಅವನ ಕೈಯಲ್ಲಿ ಭಾವನವರಿಗೆ ಒಂದೇ ಮಾತು ಕಳಿಸಿ, "ಕೊಯ್ಸಲಿ" ಅಂತ. ನಿಮ್ಮ ಮಾತು ಬರದಿದ್ದರೂ ನಾನು ಕೊಯ್ಸುತ್ತೇನೆ. ಆಮೇಲೆ ನನ್ನನ್ನು ಮನೆಗೆ ಸೇರಿಸುವುದೂ ಬಿಡುವುದೂ ನಿಮಗೆ ಬಿಟ್ಟದ್ದು.